ಒಗೆಯುವ ಕಲ್ಲು ಸರಿಸಿದ ಮಳೆಗಾಲ

ಇವತ್ತು ಬೆಳಗ್ಗೆ ಒಬ್ಬಳು ಹೊಸ ತಾಯಿ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದಳು. ಗೇಟಿನ ಹೊರಗೇ ನಿಂತು, ಒಳಗೆ ಕಾಲಿಡುವ ಮೊದಲೇ ಕೇಳಿದಳು: "ಅಕ್ಕಾ, ಇಲ್ಲಿ ಲೈಸನ್ಸ್ ಉಂಟಲ್ಲ?"

ಅವಳ ಧೈರ್ಯ ನೋಡಿ! ನಾಲ್ಕು ವರ್ಷ ಹಿಂದೆ ಯಾರಾದರೂ ನನ್ನ ಮುಖಕ್ಕೆ ಹೀಗೆ ಕೇಳಿದ್ದರೆ ಬಂದ ದಾರಿ ಹಿಡಿಯಲು ಹೇಳುತ್ತಿದ್ದೆ. ಇವತ್ತು ಜಗಲಿಯ ಗೋಡೆಯ ಮೇಲಿನ ಬೋರ್ಡು ತೋರಿಸಿದೆ. ಅವಳು ಅದನ್ನು ಅಕ್ಷರ ಬಿಡದೆ ಓದುತ್ತಿದ್ದಾಗ ಪಕ್ಕದ ಗಿರಿಜಕ್ಕನ ಅಡುಗೆಮನೆ ಕಿಟಕಿಯಿಂದ ಬಾಳೆಕಾಯಿ ಹುಡಿಯ ಮಣ್ಣಿಯ ಪರಿಮಳ ಬಂತು. ಒಣಗಿಸಿ ಹುಡಿ ಮಾಡಿದ ಬಾಳೆಕಾಯಿ, ಬೆಲ್ಲ, ಕೊನೆಗೆ ಒಂದು ಚಮಚ ತುಪ್ಪ. ಅಡಿ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುತ್ತದಲ್ಲ, ಆ ಪರಿಮಳ. ನಮ್ಮಲ್ಲಿ ಅದು ಸಣ್ಣ ಮಕ್ಕಳ ತಿನಿಸು. ಗಿರಿಜಕ್ಕನಿಗೆ ಮಕ್ಕಳಿಲ್ಲ, ಮದುವೆಯೇ ಆಗಿಲ್ಲ. ಆ ಮನೆಯಿಂದ ಆ ಪರಿಮಳ ಮೊದಲ ಸಲ ಬಂದದ್ದು ಯಾವ ಮಳೆಗಾಲದಲ್ಲಿ ಎಂಬುದು ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಮನೆ ಕಾಸರಗೋಡಿನ ಕುಂಬಳೆ ಹತ್ತಿರ, ಅನಂತಪುರದ ಕೈಗಾರಿಕಾ ಎಸ್ಟೇಟಿನಿಂದ ಕೆಳಗಿಳಿಯುವ ರಸ್ತೆಯಲ್ಲಿದೆ. ಸರೋವರದ ದೇವಸ್ಥಾನಕ್ಕೆ ಬರುವವರು ಆಚೆ ತಿರುಗುತ್ತಾರೆ, ಕೆಲಸಕ್ಕೆ ಬರುವವರು ನಮ್ಮ ಗೇಟಿನ ಮುಂದೆ ಹಾದುಹೋಗುತ್ತಾರೆ. ಸುತ್ತ ಮುರಕಲ್ಲಿನ ಬೋಳು ಪಾರೆ, ಕಲ್ಲುಹಾಸಿನ ಬಯಲು. ಬೇಸಿಗೆಯಲ್ಲಿ ಅದು ದೋಸೆ ಕಾವಲಿಯಂತೆ ಕಾಯುತ್ತದೆ. ಮಳೆ ಬಿದ್ದರೆ ನೀರು ಇಂಗಲು ಜಾಗವಿಲ್ಲದೆ ಹಾಳೆ ಹಾಳೆಯಾಗಿ ಹರಿದು ರಸ್ತೆಗಿಳಿಯುತ್ತದೆ.

ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು ನಾನು ಯೋಚಿಸಿ ಶುರುಮಾಡಿದ್ದಲ್ಲ. ನನ್ನ ಮಗಳು ನರ್ಸಿಂಗ್ ಓದಲು ಹಾಸ್ಟೆಲಿಗೆ ಹೋದ ವರ್ಷ, ಎಸ್ಟೇಟಿನಲ್ಲಿ ಕೆಲಸ ಮಾಡುವ ಒಬ್ಬಳು "ಇವತ್ತೊಂದು ದಿನ ನೋಡ್ತೀರಾ ಜಯಂತಿಯಕ್ಕಾ?" ಎಂದು ಮಗುವನ್ನು ಬಿಟ್ಟುಹೋದಳು. ಆ ಒಂದು ದಿನ ಮುಗಿಯಲೇ ಇಲ್ಲ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಬೆಳಗ್ಗಿನ ಶಿಫ್ಟಿಗೆ ಮೊದಲು ನಮ್ಮ ಜಗಲಿ ಬಸ್‌ಸ್ಟ್ಯಾಂಡಿನ ಹಾಗೆ ಕಾಣುತ್ತಿತ್ತು. ಮಕ್ಕಳಿಗೆಲ್ಲ ನಾನು ಮಾಮಿ. ಒಳಗೆ ನಡುಮನೆಯ ಕೊಕ್ಕೆಗಳಲ್ಲಿ ಹಳೆ ಸೀರೆಯ ತೊಟ್ಟಿಲುಗಳು, ಹೊರಗೆ ಒಣಗದ ಬಟ್ಟೆಗಳು. ರಿಕ್ಷಾ ಓಡಿಸುವ ನಮ್ಮವರು ಬಾಡಿಗೆಯಿಲ್ಲದ ಹೊತ್ತಿನಲ್ಲಿ ಹಿಂದಿನ ಸೀಟಿನ ಮೇಲೆ ಮಕ್ಕಳ ಚಡ್ಡಿ ಹರಡಿಕೊಂಡು ಗಾಳಿಗೆ ಒಂದು ಸುತ್ತು ಹೊಡೆದು ಬರುತ್ತಿದ್ದರು. ಒಮ್ಮೆ ತೆಗೆಯಲು ಮರೆತು, ಮದುವೆಗೆ ಹೊರಟವರೊಬ್ಬರು ಅದರ ಮೇಲೆಯೇ ಕುಳಿತು ರಾಮಾಯಣವಾಯಿತು.

ಆ ಮಕ್ಕಳಲ್ಲಿ ಆಯಿಷಾ ಒಬ್ಬಳು. ಮೂರು ತುಂಬಿರಲಿಲ್ಲ. ಮಾತು ಕಡಿಮೆ, ಕಾಲು ಜಾಸ್ತಿ. ಅವಳ ತಾಯಿ ನಸೀಮ ಒಂದು ಪ್ಯಾಕಿಂಗ್ ಘಟಕದಲ್ಲಿ ಹೊಸದಾಗಿ ಸೇರಿದ್ದಳು. ಗಂಡ ತೀರಿಹೋಗಿದ್ದ. ಅವಳ ತಾಯಿ ಇರುವುದು ಉಪ್ಪಳದಲ್ಲಿ, ಕಾಲುನೋವಿನಿಂದ ಎದ್ದು ನಡೆಯಲು ಆಗದವರು. ನಮ್ಮ ಮನೆಯ ಹಿಂದಿನ ಓಣಿಯಾಚೆ ಒಂದು ಬಾಡಿಗೆ ಕೋಣೆಯಲ್ಲಿ ಅವಳೂ ಆಯಿಷಾಳೂ ಇಬ್ಬರೇ. ಮೊದಲ ಆರು ತಿಂಗಳು ರಜೆ ಹಾಕದೆ ಬಂದರೆ ಕೆಲಸ ಖಾಯಂ ಎಂದು ಅವಳಿಗೆ ಹೇಳಿದ್ದರು. ಆ ಆರು ತಿಂಗಳು ದಾಟುವುದೇ ಅವಳ ಜಪ. ಮಗಳಿಗೆ ಜ್ವರ ಬಂದರೂ "ಅಕ್ಕಾ, ನಿಮ್ಮ ಕಾಲು ಹಿಡೀತೇನೆ" ಎನ್ನುತ್ತಿದ್ದಳು. ಕಾಲು ಹಿಡಿಯುವವಳು ಎಂತದಕ್ಕೆ, ಮಗು ಕೊಡು ಎಂದು ಗದರಿಸಿ ಕಳಿಸುತ್ತಿದ್ದೆ.

ಇನ್ನು ಗಿರಿಜಕ್ಕ. ನಮ್ಮ ಕಂಪೌಂಡಿನ ಪಾಗಾರದಾಚೆಯ ಮನೆ, ಹೊಲಿಗೆ ಅವರ ಕಸುಬು. ಸುತ್ತಮುತ್ತ ಯಾರ ಮದುವೆಯಾದರೂ ರವಿಕೆ ಅವರದೇ. ಬಾಯಿ ಮಾತ್ರ ಕತ್ತರಿಗಿಂತ ಹರಿತ. ಮಕ್ಕಳೆಂದರೆ ಆಗದು. "ಸೂಜಿ ಕತ್ತರಿ ಇರುವ ಮನೆ ಇದು, ಒಂದು ಪಿಳ್ಳೆಯೂ ಇತ್ತ ಬರಬಾರದು" ಎಂದು ನನಗೆ ತಾಕೀತು. ನಮ್ಮ ಮನೆಯ ಗಲಾಟೆ ಜಾಸ್ತಿಯಾದರೆ ಹೊಲಿಗೆ ಯಂತ್ರ ನಿಲ್ಲಿಸಿ ಪಾಗಾರದ ಮೇಲಿಂದ ಬೈಯುವರು. ಆದರೆ ಬೈಯುವ ಹಕ್ಕು ತನ್ನೊಬ್ಬಳದೇ ಎಂಬುದೂ ಅವರ ಲೆಕ್ಕ. ಬೇರೆ ಯಾರಾದರೂ ನನಗೆ ಒಂದು ಮಾತು ಅಂದರೆ ಮೊದಲು ಹಾರಿ ಬೀಳುವವರು ಅವರೇ.

ಆ ವರ್ಷ ಶಾಲೆ ತೆರೆದ ವಾರ ನಮ್ಮ ವಾರ್ಡ್ ಮೆಂಬರ್ ಸ್ಕೂಟರಿನಲ್ಲಿ ಬಂದ.

"ಜಯಂತಿಯಕ್ಕಾ, ಒಂದು ವಿಷಯ ಉಂಟು. ಬೇಜಾರು ಮಾಡ್ಬೇಡಿ. ಮನೆಯಲ್ಲಿ ಹೀಗೆ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರು ಇನ್ನು ರಿಜಿಸ್ಟರ್ ಮಾಡ್ಬೇಕಂತೆ. ಲೈಸನ್ಸ್ ತಗೊಳ್ಬೇಕಂತೆ."

"ಎಂತ ಲೈಸನ್ಸ್?"

"ಸ್ವಂತ ಸಂಬಂಧಿಕರ ಮಕ್ಕಳಾದ್ರೆ ಬೇಡ. ಬೇರೆಯವರದ್ದಾದ್ರೆ ಬೇಕು. ಮೇಡಂ ಒಬ್ರು ನೋಡ್ಲಿಕ್ಕೆ ಬರ್ತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವ ಮಕ್ಕಳು. ಅದಕ್ಕೆ ಇನ್ನು ಯಾರೋ ಬಂದು ಸರ್ಟಿಫಿಕೇಟ್ ಕೊಡಬೇಕೇ? ನಾನು ಬಾಯಿ ತೆರೆಯುವ ಮೊದಲೇ ಪಾಗಾರದ ಮೇಲೆ ಗಿರಿಜಕ್ಕನ ತಲೆ ಕಂಡಿತು.

"ಕಳ್ಳಿನ ಗಡಂಗಿಗೆ ಲೈಸನ್ಸ್ ಬೇಕು, ಕೋವಿಗೆ ಲೈಸನ್ಸ್ ಬೇಕು. ಮಕ್ಕಳ ಕುಂಡೆ ತೊಳೀಲಿಕ್ಕೂ ಲೈಸನ್ಸಾ ಮಾರಾಯ?"

ಮೆಂಬರ್ ಹೆಲ್ಮೆಟ್ ಹಾಕಿಕೊಂಡು ಹೊರಟ. ಆದರೆ ಅವನು ಹೇಳಿದ ಒಂದು ಮಾತನ್ನು ಗಿರಿಜಕ್ಕ ಗಂಟು ಹಾಕಿಕೊಂಡಿದ್ದರು. ಸಂಬಂಧಿಕರ ಮಕ್ಕಳಾದರೆ ಬೇಡ.

ಜಡಿಮಳೆಯ ಆಟಿ ತಿಂಗಳ ನಡುವಿನ ಒಂದು ದಿನ. ಕಾಸರಗೋಡು ಜಿಲ್ಲೆಗೆ ರೆಡ್ ಅಲರ್ಟ್. ಕಲೆಕ್ಟರು ಶಾಲೆ, ಅಂಗನವಾಡಿ ಎಲ್ಲದಕ್ಕೂ ರಜೆ ಕೊಟ್ಟಿದ್ದರು. ಎಸ್ಟೇಟಿಗೆ ರಜೆಯಿಲ್ಲ. ಹಾಗಾಗಿ ಮಾಮೂಲು ಮಕ್ಕಳ ಜೊತೆ ಅವರ ಅಣ್ಣಂದಿರು ಅಕ್ಕಂದಿರೂ ಬಂದು ಮನೆ ಗಿಜಿಗುಟ್ಟುತ್ತಿತ್ತು. ಬೋಟಿನವರಿಗೆ ಸಮುದ್ರಕ್ಕಿಳಿಯಲು ನಿಷೇಧವಿದ್ದ ತಿಂಗಳು ಬೇರೆ, ಒಲೆಯ ಮೇಲೆ ಒಣಮೀನು ಸುಡುತ್ತಿದ್ದೆ. ಆ ಹೊತ್ತಿಗೆ, ತಿರುಗಿಬಿದ್ದ ಕೊಡೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೆಂಬರ್ ಹೇಳಿದ್ದ ಲೈಸನ್ಸಿನ ಮೇಡಂ ಬಂದರು. ಹೆಸರು ಬಿಂದು, ಕೊಲ್ಲಂ ಕಡೆಯವರು, ನಮ್ಮ ಜಿಲ್ಲೆಗೆ ವರ್ಗವಾಗಿ ಹೆಚ್ಚು ಸಮಯವಾಗಿರಲಿಲ್ಲ. ಕನ್ನಡವನ್ನು ಹುಡುಕಿ ಹುಡುಕಿ, ನಡುನಡುವೆ ಮಲಯಾಳ ಸೇರಿಸಿ ಮಾತಾಡುವರು.

ಅವರು ಕಾಲು ಒರೆಸುವಷ್ಟರಲ್ಲಿ ಗಿರಿಜಕ್ಕ ಹಿತ್ತಿಲಿನಿಂದ ಒಳಗೆ ಬಂದು, ಹೊಲಿಗೆಯ ಟೇಪು ಕೊರಳಲ್ಲೇ ಇದ್ದಂತೆ, ನಡುಮನೆಯ ಮಧ್ಯೆ ನಿಂತರು.

"ಇಷ್ಟು ಕುಟ್ಟಿಗಳು ಯಾರದ್ದು?" ಎಂದು ಮೇಡಂ ನನ್ನನ್ನು ಕೇಳಿದರು.

"ಎಲ್ಲ ಸಂಬಂಧಿಕರದ್ದು ಮೇಡಂ," ಎಂದರು ಗಿರಿಜಕ್ಕ. "ಇದು ಇವಳ ನಾದಿನಿಯ ಮಗ. ಆ ಇಬ್ಬರು ಇವಳ ಗಂಡನ ಚಿಕ್ಕಪ್ಪನ ಮೊಮ್ಮಕ್ಕಳು. ಅಲ್ಲಿ ಮಲಗಿದ್ದು ನಮ್ಮ ಬೆಳ್ಳೂರಿನ ಅಕ್ಕನ ಕಡೆಯದ್ದು."

ನಾನು ಬೆಪ್ಪಾಗಿ ನಿಂತೆ. ನನ್ನ ಗಂಡನಿಗೆ ಚಿಕ್ಕಪ್ಪನೇ ಇಲ್ಲ. ಅಷ್ಟರಲ್ಲಿ ಎಸ್ಟೇಟಿನಲ್ಲಿ ದುಡಿಯುವ ಬಂಗಾಳದ ದಂಪತಿಯ ಮಗ ಸೋನು ಮೇಡಂ ಹತ್ತಿರ ಬಂದು ಬಂಗಾಳಿಯಲ್ಲಿ ಏನೋ ಉದ್ದಕ್ಕೆ ಕೇಳಿದ. ಮೇಡಂ ಗಿರಿಜಕ್ಕನ ಮುಖ ನೋಡಿದರು.

"ಇವನಿಗೆ ಮಾತು ಸರಿ ಬಂದಿಲ್ಲ," ಎಂದರು ಗಿರಿಜಕ್ಕ, ಸ್ವಲ್ಪವೂ ಅಳುಕದೆ.

"ಈ ಮೋಳು?" ಮೇಡಂ ಆಯಿಷಾಳ ತಲೆ ಸವರಿದರು.

"ಅದಾ? ಅದು ನನ್ನ ತಮ್ಮನ ಮಗಳು."

ಗಿರಿಜಕ್ಕನ ತಮ್ಮ ಸದಾಶಿವ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಅವನಿಗೂ ಮದುವೆಯಾಗಿರಲಿಲ್ಲ. ನಗು ತಡೆಯಲಾರದೆ, ನೀರು ತರುವ ನೆವದಲ್ಲಿ ನಾನು ಅಡುಗೆಮನೆಗೆ ಓಡಿದೆ. ಮೇಡಂ ನನ್ನ ಹಿಂದೆಯೇ ಬಂದು ನೀರಿನ ಗ್ಲಾಸು ಕೈಗೆ ತೆಗೆದುಕೊಂಡರು. ಗಂಜಿ ಬಸಿಯಲೆಂದು ತೆರೆದಿಟ್ಟಿದ್ದ ಹಿಂಬಾಗಿಲು ಹಾಗೇ ಇತ್ತು. ಹೊರಗೆ ಮಳೆ ಹೊಯ್ಯುತ್ತಿತ್ತು.

ರಸ್ತೆಯಲ್ಲಿ ನೀರು ಏರಿದ್ದರಿಂದ ಆ ದಿನ ಎಸ್ಟೇಟಿನ ಹೆಂಗಸರನ್ನು ಬೇಗ ಬಿಟ್ಟಿದ್ದರು. ಅದು ನಮಗೆ ಗೊತ್ತಿರಲಿಲ್ಲ. ಹಿಂದಿನ ಓಣಿಯಿಂದ ನಸೀಮಳ ಸ್ವರ ಕೇಳಿತು: "ಆಯಿಷಾ!"

ಆಯಿಷಾ ನಮ್ಮ ಕಾಲುಗಳ ನಡುವೆ ನುಸುಳಿ ಹೊರಗೆ ಹೋದಳು. ಬಾವಿಕಟ್ಟೆಗೆ ತಾಗಿ ಒಗೆಯುವ ಕಲ್ಲು. ಅದರ ಮೇಲೆ ಹತ್ತಿದಳು. ಅಲ್ಲಿಂದ ಮೊಣಕಾಲು ಕಟ್ಟೆಯ ಮೇಲೆ ಊರಿದಳು. ಪಾಗಾರದಾಚೆ ತಾಯಿಯ ತಲೆವಸ್ತ್ರ ಕಂಡಿರಬೇಕು, ಒಂದು ಕೈ ಎತ್ತಿ "ಉಮ್ಮಾ! ಉಮ್ಮಾ!" ಎಂದು ಬೀಸತೊಡಗಿದಳು. ಕೆಳಗೆ ಬಾವಿ. ಆಟಿಯ ಮಳೆಗೆ ಕೈಯಲ್ಲಿ ಮೊಗೆಯುವಷ್ಟು ಮೇಲೆ ಬಂದ ಕೆಂಪು ನೀರು.

ನಾನು ಹೊಸ್ತಿಲಲ್ಲೇ ಉಳಿದೆ. ಓಡಿದ್ದು ಮೇಡಂ. ಕೈಯಲ್ಲಿದ್ದ ಗ್ಲಾಸನ್ನು ಅಲ್ಲೇ ಬಿಸಾಡಿ, ಚಪ್ಪಲಿಯಿಲ್ಲದ ಕಾಲಿನಲ್ಲಿ ಪಾಚಿಯ ಮೇಲೆ ಹೇಗೆ ಓಡಿದರೋ ದೇವರೇ ಬಲ್ಲ, ಮಗುವಿನ ಸೊಂಟ ಹಿಡಿದು ಎಳೆದುಕೊಂಡರು.

ನಸೀಮ ಹಿಂದಿನ ಗೇಟಿನಿಂದ ಬಂದಳು. ಮೇಡಂ ಮಗುವನ್ನು ಎದೆಗೊತ್ತಿಕೊಂಡು ಮಳೆಯಲ್ಲೇ ನಿಂತಿದ್ದರು. ಬಾಗಿಲಲ್ಲಿ ನಿಂತ ಗಿರಿಜಕ್ಕನನ್ನು ನೋಡಿ ಮೆಲ್ಲನೆ ಕೇಳಿದರು: "ಇವರು ನಿಮ್ಮ ತಮ್ಮನ ಹೆಂಡತಿಯಾ?"

"ಯಾರ ತಮ್ಮ?" ಎಂದಳು ನಸೀಮ.

ಯಾರೂ ನಗಲಿಲ್ಲ. ಮೇಡಂ ನನ್ನತ್ತ ತಿರುಗಿದರು. "ನೋಡಿ, ಲೈಸನ್ಸ್ ಇದಕ್ಕೆ. ನಿಮ್ಮನ್ನು ಹಿಡಿಯಲಿಕ್ಕೆ ಅಲ್ಲ. ಹೇಗೆ ಮಾಡಬೇಕು ಅಂತ ಹೇಳಲಿಕ್ಕೆ ನಾನು ಬಂದದ್ದು. ನೀವು ನನಗೆ ಸುಳ್ಳು ಹೇಳಿದಿರಿ."

ನಮ್ಮ ಕಡೆ ಯಾರ ಮನೆಯಲ್ಲಿ ಬೇಕಾದರೂ ನೋಡಿ, ಒಗೆಯುವ ಕಲ್ಲು ಬಾವಿಕಟ್ಟೆಗೆ ತಾಗಿಯೇ ಇರುತ್ತದೆ. ಸೇದಿದ ಕೊಡವನ್ನು ಅಲ್ಲೇ ಬಗ್ಗಿಸಿದರೆ ಒಗೆತ ಶುರು. ಅದನ್ನು ಹಾಕಿಸಿದ್ದು ನನ್ನ ಅತ್ತೆ. ಮದುವೆಯಾಗಿ ಬಂದಂದಿನಿಂದ ನಾನು ಅದರ ಮೇಲೆ ಬಟ್ಟೆ ಬಡಿದವಳು. ಎಷ್ಟು ಬಡಿದರೂ ಅದು ಕಲ್ಲಾಗಿಯೇ ಕಂಡಿತ್ತು. ಇಷ್ಟೆತ್ತರದ ಮಗುವಿಗೆ ಅದೊಂದು ಮೆಟ್ಟಿಲು ಎಂಬುದು ನನ್ನ ತಲೆಗೆ ಹೋಗಿರಲೇ ಇಲ್ಲ. ಊರಿನವರ್ಯಾರ ತಲೆಗೂ ಹೋಗಿರಲಿಲ್ಲ. ಕೊಲ್ಲಂನಿಂದ ಬಂದವರ ಕಣ್ಣಿಗೆ ಅದು ಮೊದಲ ದಿನವೇ ಕಂಡಿತು.

ರಿಜಿಸ್ಟರ್ ಆಗುವವರೆಗೆ ಬೇರೆಯವರ ಮಕ್ಕಳು ಬೇಡ ಎಂದರು ಮೇಡಂ. ಮಾಡಬೇಕಾದ್ದೆಲ್ಲ ಹೇಳಿದರು. ಬಾವಿಗೆ ಜಾಲರಿ, ಗೇಟಿಗೆ ಮೇಲಿನಿಂದ ಹಾಕುವ ಚಿಲಕ, ನೀರಿನ ಪರೀಕ್ಷೆ, ಅಡುಗೆಮನೆ ಬಾಗಿಲಿಗೆ ಅಡ್ಡ, ನನಗೆ ಪ್ರಥಮ ಚಿಕಿತ್ಸೆಯ ತರಬೇತಿ, ಕೆಲಸಕ್ಕೆ ಜೊತೆಗೊಬ್ಬರು. ಹೊರಡುವಾಗ ಗಿರಿಜಕ್ಕನ ಕಡೆ ನೋಡಿ, "ಸಂಬಂಧಿಕರ ಮಕ್ಕಳಿದ್ದರೆ ನೋಡಿಕೊಳ್ಳಬಹುದು, ಅದಕ್ಕೆ ಏನೂ ಬೇಡ" ಎಂದರು. ಚುಚ್ಚಿಯೇ ಹೇಳಿದ್ದು. ಗಿರಿಜಕ್ಕ ಕೊರಳಿನ ಟೇಪನ್ನು ಸುತ್ತುತ್ತಾ ನಿಂತರು.

ಎರಡು ದಿನ ನಾನು ಮುಖ ಊದಿಸಿಕೊಂಡು ಕುಳಿತೆ. ಬೇಡವೇ ಬೇಡ ಈ ಉಸಾಬರಿ ಎಂದು ಸೀರೆ ತೊಟ್ಟಿಲುಗಳನ್ನೆಲ್ಲ ಬಿಚ್ಚಿ ಒಗೆದೆ. ಒಗೆಯುವಾಗ ಕಲ್ಲಿನ ಮೇಲೆ ಆ ಮೊಣಕಾಲು ಕಾಣುತ್ತಿತ್ತು. ಅರ್ಧಕ್ಕೆ ಬಿಟ್ಟು ಒಳಗೆ ಬಂದೆ. ಮಕ್ಕಳಿಲ್ಲದ ನಡುಮನೆಯಲ್ಲಿ ಬರಿಯ ಕೊಕ್ಕೆಗಳು. ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರು ಚಾಪೆಯ ಮೇಲೆ ಹೊರಳಾಡಿ, "ಇಷ್ಟು ಸದ್ದಿಲ್ಲದೆ ಹೇಗೆ ನಿದ್ದೆ ಮಾಡುವುದು ಮಾರಾಯ್ತಿ?" ಎಂದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ತಾಯಂದಿರು ಹೇಗೋ ದಾರಿ ಮಾಡಿಕೊಂಡರು. ಒಬ್ಬಳು ಅತ್ತೆಯನ್ನು ಕರೆಸಿದಳು, ಒಬ್ಬಳು ಶಿಫ್ಟ್ ಬದಲಿಸಿದಳು, ಸೋನುವಿನ ತಾಯಿ ತಂದೆ ಸರದಿಯಲ್ಲಿ ಮನೆಯಲ್ಲಿದ್ದರು. ನಸೀಮಳಿಗೆ ಯಾರೂ ಇರಲಿಲ್ಲ. ಮೊದಲ ದಿನ ಓಣಿಯ ಹೆಂಗಸೊಬ್ಬಳು ನೋಡಿಕೊಂಡಳು, ಎರಡನೆಯ ದಿನ ಇನ್ನೊಬ್ಬಳು. ಮೂರನೆಯ ದಿನ ಬೆಳಗ್ಗೆ ಅವಳು ಗೇಟಿನ ಹೊರಗೆ ಬಂದು ನಿಂತಳು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮಗು, ಹೆಗಲಿಗೆ ಬಾಟ್ಲಿ ಬಟ್ಟೆಗಳ ಚೀಲ.

"ಅಕ್ಕಾ, ಇವತ್ತು ಹೋಗದಿದ್ರೆ ನನ್ನ ಹೆಸರು ತೆಗೀತಾರೆ."

"ನನಗೆ ಆಗುದಿಲ್ಲ ನಸೀಮ. ಈಗ ಇಟ್ಟುಕೊಂಡ್ರೆ ನಾಳೆ ಲೈಸನ್ಸೂ ಸಿಗುದಿಲ್ಲ. ಮತ್ತೆ ಯಾರ ಮಗುವಿಗೂ ಜಾಗ ಇಲ್ಲ."

ಅವಳು ಜಗಳವಾಡಲಿಲ್ಲ. ಹಾಗೇ ನಿಂತಳು. ಆಯಿಷಾ ಚಿಲಕದ ಸಂದಿಯಲ್ಲಿ ಬೆರಳು ತೂರಿಸಿ "ಮಾಮೀ, ತೆಗಿ" ಎಂದಳು. ಆದರೂ ನಾನು ಗೇಟು ತೆಗೆಯಲಿಲ್ಲ.

ಪಕ್ಕದಲ್ಲಿ ಹೊಲಿಗೆ ಯಂತ್ರ ನಿಂತಿತು. ಗಿರಿಜಕ್ಕ ಹಲ್ಲಿನಲ್ಲಿ ನೂಲು ಕಚ್ಚಿಕೊಂಡೇ ಜಗಲಿಗೆ ಬಂದರು. ನೂಲು ಉಗಿದು ಹೇಳಿದರು:

"ಇಲ್ಲಿ ಕೊಡು ಅದನ್ನು."

ನಸೀಮಳಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಎಂತ ಕಣ್ಣು ಬಿಡುದು? ನಾನು ಅವತ್ತೇ ಹೇಳಿದ್ದೇನಲ್ಲ, ನನ್ನ ತಮ್ಮನ ಮಗಳು ಅಂತ. ಸಂಬಂಧಿಕರ ಮಗುವಿಗೆ ಲೈಸನ್ಸ್ ಬೇಡ ಅಂತ ಅವರೇ ಹೇಳಿದ್ದು. ಕೊಡು ಇಲ್ಲಿ, ನಿನಗೆ ತಡ ಆಗ್ತದೆ."

"ಗಿರಿಜಕ್ಕಾ, ನಿಮ್ಮಲ್ಲಿ ಸೂಜಿ ಕತ್ತರಿ..." ಎಂದೆ ನಾನು.

"ನನಗೆ ಗೊತ್ತುಂಟು. ನೀನು ಬಾ, ಅಟ್ಟಕ್ಕೆ ಎತ್ತಿ ಕೊಡು."

ಅವತ್ತು ಇಡೀ ಬೆಳಗ್ಗೆ ನಾವಿಬ್ಬರೂ ಆ ಕೋಣೆಯನ್ನು ತಡಕಿದೆವು. ಸೂಜಿಗಳು, ಗುಂಡುಪಿನ್ನುಗಳು, ಎರಡು ಕತ್ತರಿ, ಗುಂಡಿಯ ಡಬ್ಬಗಳು ಎಲ್ಲವೂ ಅಟ್ಟ ಸೇರಿದವು. ನೆಲಕ್ಕೆ ಬಿದ್ದ ಪಿನ್ನು ಉಳಿದಿರಬಾರದೆಂದು ಗಿರಿಜಕ್ಕ ಮಂಡಿಯೂರಿ, ಅಂಗೈಯಿಂದ ನೆಲವನ್ನೆಲ್ಲ ಒರೆಸಿ ನೋಡಿದರು. ಬರಿಗೈಯಲ್ಲಿ ಮುಟ್ಟಿ ನೋಡದೆ ಅವರಿಗೆ ಸಮಾಧಾನವಿಲ್ಲ. ಅಂದಿನಿಂದ ಅವರ ಹೊಲಿಗೆ ಆಯಿಷಾ ಮಲಗಿದಾಗ ಮತ್ತು ನಸೀಮ ಬಂದು ಕರೆದುಕೊಂಡು ಹೋದ ಮೇಲೆ ಮಾತ್ರ. ರವಿಕೆ ತಡವಾಯಿತೆಂದು ಕೇಳಿದವರಿಗೆ "ತಮ್ಮನ ಮಗಳು ಬಂದಿದ್ದಾಳೆ" ಎನ್ನುತ್ತಿದ್ದರು. ಸದಾಶಿವನಿಗೆ ಮದುವೆಯಾಗಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಎದುರಾಡಲಿಲ್ಲ.

ಮಗುವಿಗೆ ಏನು ತಿನ್ನಿಸುವುದು ಎಂದು ಅವರಿಗೆ ಗೊತ್ತಿರಲಿಲ್ಲ. ಪಾಗಾರದ ಮೇಲಿಂದ ಕೇಳಿ ಕೇಳಿ ಮಣ್ಣಿ ಕಾಸಲು ಕಲಿತರು. ಮೊದಲ ದಿನ ಗಂಟು ಗಂಟಾಗಿ ಪಾತ್ರೆಯೇ ಹಾಳಾಯಿತು. ನಾಲ್ಕನೆಯ ದಿನ ಸರಿಯಾದ ಪರಿಮಳ ಬಂತು. ಅಷ್ಟು ದೊಡ್ಡ ಮಗುವಿಗೆ ಮಣ್ಣಿ ಏಕೆ, ಅವಳು ಅನ್ನ ತಿನ್ನುತ್ತಾಳೆ ಎಂದರೆ ಕೇಳಬೇಕಲ್ಲ. ಉಳಿದ ರವಿಕೆ ತುಂಡುಗಳನ್ನೆಲ್ಲ ಜೋಡಿಸಿ ಒಂದು ಫ್ರಾಕ್ ಹೊಲಿದರು. ಊರಿನ ಅರ್ಧದಷ್ಟು ಮದುವೆಗಳ ಬಣ್ಣ ಅದರಲ್ಲಿತ್ತು.

ಇತ್ತ ನಾನೂ ಸೀರೆಯ ಸೆರಗು ಸಿಕ್ಕಿಸಿಕೊಂಡೆ. ಒಂದು ಭಾನುವಾರ ತಾಯಂದಿರು ಗಂಡಂದಿರನ್ನು ಕರೆದುಕೊಂಡು ಬಂದರು, ಹಾರೆ ಹಗ್ಗ ತಂದರು. ಒಗೆಯುವ ಕಲ್ಲು ಅಲುಗಾಡಲು ಒಪ್ಪಲಿಲ್ಲ. ಅತ್ತೆ ಹಾಕಿಸಿದ ಕಲ್ಲಲ್ಲವೇ, ಅವರದೇ ಹಟ. ನಮ್ಮವರು "ಅಮ್ಮಾ, ಒಮ್ಮೆ ಬಿಡಮ್ಮಾ" ಎಂದು ಕೈಮುಗಿದದ್ದು ತಮಾಷೆಗೋ ನಿಜಕ್ಕೋ ನನಗೆ ಗೊತ್ತಿಲ್ಲ. ಸೋನುವಿನ ಅಪ್ಪ ಬುಡದಲ್ಲಿ ಹಾರೆ ಕೊಟ್ಟ, ಉಳಿದವರು ಎಳೆದರು, ಕಲ್ಲು ಕೆಸರಿನಲ್ಲಿ ಜಾರಿ ಅಂಗಳದ ಆಚೆ ಮೂಲೆಗೆ ಹೋಗಿ ಕುಳಿತಿತು. ಈಗ ಒಗೆಯಲು ಅಲ್ಲಿಯವರೆಗೆ ಕೊಡ ಹೊರಬೇಕು. ಹೊರುತ್ತೇನೆ. ಮೊದಲ ವಾರ ಸೊಂಟ ಹಿಡಿದುಕೊಂಡಿತು, ಆಮೇಲೆ ಅಭ್ಯಾಸವಾಯಿತು.

ಜಾಲರಿ ಬಂತು, ಚಿಲಕ ಬಂತು. ನೀರಿನ ಪರೀಕ್ಷೆ ಮೊದಲ ಸಲ ಪಾಸಾಗಲಿಲ್ಲ. ಬ್ಲೀಚಿಂಗ್ ಹುಡಿ ಹಾಕಿ ಪುನಃ ಕೊಟ್ಟೆವು. ಪ್ರಥಮ ಚಿಕಿತ್ಸೆಯ ಕ್ಲಾಸಿನಲ್ಲಿ ಪ್ಲಾಸ್ಟಿಕ್ ಬೊಂಬೆಯ ಬೆನ್ನಿಗೆ ಬಡಿಯಲು ಹೇಳಿದರು. ನಾನು ಬಡಿದ ರಭಸಕ್ಕೆ ಕಲಿಸುವವರು "ಮೆಲ್ಲಗೆ ಚೇಚಿ, ಅದು ಬಟ್ಟೆ ಅಲ್ಲ" ಎಂದರು. ಇದೆಲ್ಲದರ ನಡುವೆ ಆಟಿ ಕಳೆದು ಓಣಂ ಬಂತು. ಪಾರೆಯ ಮೇಲೆ ಹುಲ್ಲಿನ ನಡುವೆ ನೀಲಿ ಹೂ ಎದ್ದಿತು.

ಬಿಂದು ಮೇಡಂ ಅದೇ ರಸ್ತೆಯಲ್ಲಿ ಬೇರೆ ಕೆಲಸಕ್ಕೆ ಹೋಗುವಾಗ ಒಂದು ದಿನ ಗಿರಿಜಕ್ಕನ ಜಗಲಿಯ ಮುಂದೆ ನಿಂತರು. ನಾನು ನಮ್ಮ ಜಗಲಿಯಿಂದ ಕತ್ತು ಉದ್ದ ಮಾಡಿದೆ. ಬಣ್ಣ ಬಣ್ಣದ ಫ್ರಾಕಿನ ಆಯಿಷಾ ಮೆಟ್ಟಿಲ ಮೇಲೆ ಹೂವಿನ ಎಸಳು ಕೀಳುತ್ತಾ ಕುಳಿತಿದ್ದಳು.

"ಈ ಕುಟ್ಟಿ ಯಾರು?" ಎಂದು ಕೇಳಿದರು ಮೇಡಂ.

"ತಮ್ಮನ ಮಗಳು," ಎಂದರು ಗಿರಿಜಕ್ಕ. ಈ ಸಲ ಅವರ ಸ್ವರದಲ್ಲಿ ಜಗಳವಿರಲಿಲ್ಲ.

ಮೇಡಂ ಬಾಗಿಲೊಳಗೆ ಇಣುಕಿದರು. ನೆಲದಲ್ಲಿ ಚಾಪೆ, ಚಾಪೆಯ ಮೇಲೆ ಬಟ್ಟೆಯ ಬೊಂಬೆ. ಯಂತ್ರಕ್ಕೆ ಚಾದರ ಸುತ್ತಿ ಕಟ್ಟಿತ್ತು. ಎಲ್ಲ ನೋಡಿ "ಶರಿ" ಎಂದರು. ಕೊಡೆ ಬಿಡಿಸಿಕೊಂಡು ಮುಂದೆ ನಡೆದರು.

ಸದಾಶಿವ ಆ ವರ್ಷ ದೀಪಾವಳಿಗೆ ಊರಿಗೆ ಬಂದ. ಕುಂಬಳೆ ಪೇಟೆಯಲ್ಲಿ ಬಸ್ಸಿಳಿದು ನಮ್ಮವರ ರಿಕ್ಷಾ ಹತ್ತಿದಾಗಲೇ ತನಗೊಬ್ಬಳು ಮಗಳಿದ್ದಾಳೆಂಬ ಸಂಗತಿ ಅವನಿಗೆ ಗೊತ್ತಾದದ್ದು. ತಲೆ ಕೆರೆದುಕೊಂಡನಂತೆ. ಆಮೇಲೆ "ಹಾಗಾದ್ರೆ ಬೇಕರಿ ಹತ್ತಿರ ನಿಲ್ಲಿಸಿ ಮಾರಾಯ್ರೆ, ಬರಿಗೈಯಲ್ಲಿ ಹೇಗೆ ಹೋಗುದು?" ಎಂದನಂತೆ.

ನಸೀಮಳ ಆರು ತಿಂಗಳು ಆ ಹೊತ್ತಿಗೆ ತುಂಬಿತು. ಕೆಲಸ ಖಾಯಂ ಎಂದು ಹೇಳಿದ ಸಂಜೆ ಅವಳು ಓಡುತ್ತಾ ಬಂದಳು. ನನ್ನ ಹತ್ತಿರವಲ್ಲ. ನೇರ ಗಿರಿಜಕ್ಕನ ಜಗಲಿಗೆ ಹೋಗಿ, ಅವರ ಹೆಗಲಿಗೆ ತಲೆಯಿಟ್ಟು ಅತ್ತಳು. ಗಿರಿಜಕ್ಕ ಕೈ ಎಲ್ಲಿಡುವುದೆಂದು ತಿಳಿಯದೆ ಅವಳ ಅಂಗಿಯ ಬೆನ್ನಿನ ಹೊಲಿಗೆಯನ್ನು ಸವರಿ, "ಇದು ಯಾರು ಹೊಲಿದದ್ದು? ಎಲ್ಲ ಓರೆ" ಎಂದರು. ನನಗೆ ಒಂದು ಚೂರು ಹೊಟ್ಟೆಕಿಚ್ಚಾಯಿತು. ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು.

ಕೊನೆಯ ಪರಿಶೀಲನೆ ಮಳೆ ಪೂರಾ ಬಿಟ್ಟ ಮೇಲೆ. ಜೊತೆಗೊಬ್ಬರು ಬೇಕಿತ್ತಲ್ಲ, ಅದಕ್ಕೆ ನಾನು ಗಿರಿಜಕ್ಕನನ್ನೇ ಕೇಳಿದ್ದೆ. "ನನಗೆ ಬೇರೆ ಕೆಲಸ ಇಲ್ಲವಾ?" ಎಂದು ಗೊಣಗಿ ಒಪ್ಪಿದ್ದರು. ಆಯಿಷಾಳನ್ನೂ ನಮ್ಮ ಮಕ್ಕಳ ಜೊತೆ ಸೇರಿಸುವುದೆಂದು ಮಾತಾಗಿತ್ತು. ಹಿಂದಿನ ದಿನ ನಾನು ಅವರ ಕೈ ಹಿಡಿದು ಹೇಳಿದೆ: "ನಾಳೆ ಒಂದು ದಿನ ನಿಜ ಹೇಳಿ ಗಿರಿಜಕ್ಕಾ. ಇನ್ನೊಮ್ಮೆ ಸುಳ್ಳು ಬಂದ್ರೆ ಎಲ್ಲ ಹೋಯ್ತು." ಅವರು ಕೈ ಬಿಡಿಸಿಕೊಂಡು ಸೂಜಿಗೆ ನೂಲು ಪೋಣಿಸತೊಡಗಿದರು.

ಮೇಡಂ ಮನೆ ಸುತ್ತಿದರು. ಜಾಲರಿ ಅಲುಗಿಸಿ ನೋಡಿದರು. ಕಲ್ಲಿದ್ದ ಜಾಗವನ್ನು ಕಾಲಿನಿಂದ ತುಳಿದು ನೋಡಿದರು. ಒಳಗೆ ಬಂದು ಒಂದೊಂದೇ ಮಗುವಿನ ಹೆಸರು, ತಂದೆ ತಾಯಿ, ನಮಗೇನಾಗಬೇಕು ಎಂದು ಕೇಳಿ ಬರೆದುಕೊಂಡರು. ಸೋನು ಬಂಗಾಳದವನೇ ಆದ. ನಮ್ಮವರ ಚಿಕ್ಕಪ್ಪ ಇಲ್ಲವಾದ. ಕೊನೆಗೆ ಆಯಿಷಾ ಉಳಿದಳು.

"ಗಿರಿಜಾ, ನೀವು ಹೇಳಿ. ಈ ಕುಟ್ಟಿ ಯಾರು?"

ಗಿರಿಜಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಕಂಬದ ಹಾಗೆ ನಿಂತಿದ್ದರು. ನನ್ನನ್ನು ನೋಡಿದರು, ಮಗುವನ್ನು ನೋಡಿದರು.

"ನಸೀಮಳ ಮಗಳು," ಎಂದರು.

"ನಿಮಗೆ ಏನಾಗಬೇಕು?"

"ಏನೂ ಆಗಬೇಕಾದ್ದಿಲ್ಲ."

ಆಯಿಷಾಳಿಗೆ ಈ ಮಾತೆಲ್ಲ ಸಾಕಾಗಿತ್ತು. ಅವಳು ಚಾಪೆಯಿಂದೆದ್ದು ಬಂದು ಇಸ್ತ್ರಿಯ ಸೆರಗನ್ನು ಮುದ್ದೆ ಮಾಡಿ ಹಿಡಿದು ಜಗ್ಗಿದಳು. "ಅತ್ತೇ, ಮನೆಗೆ ಹೋಗುವಾ."

ಮೇಡಂ ಪೆನ್ನು ಎತ್ತಿ ಹಿಡಿದೇ ಇಬ್ಬರನ್ನೂ ನೋಡಿದರು. ಆಮೇಲೆ ಅವರ ಹುಡುಕುವ ಕನ್ನಡದಲ್ಲಿ ಹೇಳಿದರು: "ಎರಡನ್ನೂ ಬರೆಯಲಿಕ್ಕೆ ಈ ಫಾರ್ಮಿನಲ್ಲಿ ಜಾಗ ಇಲ್ಲ." ಬರೆದು, ಸಹಿ ಹಾಕಿ, ನಮ್ಮಲ್ಲಿ ಒಣಮೀನು ಚಟ್ನಿಯ ಜೊತೆ ಗಂಜಿ ಉಂಡು ಹೋದರು. ಆ ಮೇಡಮ್ಮಿಗೆ ಈಗ ಬೇರೆ ಜಿಲ್ಲೆಗೆ ವರ್ಗವಾಗಿದೆ. ಓಣಂಗೆ ಫೋನ್ ಮಾಡುತ್ತಾರೆ, ಮೊದಲು ಕೇಳುವುದು ಬಾವಿಯ ಜಾಲರಿಯ ಬಗ್ಗೆ.

ಬೋರ್ಡು ಗೋಡೆ ಹತ್ತಿದ ಕತೆ ಇಷ್ಟು. ಇವತ್ತು ಬಂದ ಹೊಸ ತಾಯಿ ಅದನ್ನು ಓದಿ ಮುಗಿಸಿ, ಬಾವಿ ನೋಡಿ, ಗೇಟಿನ ಚಿಲಕವನ್ನು ಎರಡು ಸಲ ಹಾಕಿ ತೆಗೆದು, ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟಳು. ನನಗೆ ಅವಳ ಮೇಲೆ ಮೆಚ್ಚುಗೆ ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಜಗಲಿಗೆ ಆಯಿಷಾ ಬಂದಳು. ಈಗ ಒಂದನೆಯ ಕ್ಲಾಸು, ಮುಂದಿನ ಎರಡು ಹಲ್ಲು ಬಿದ್ದಿದೆ. ಜ್ವರವೆಂದು ಶಾಲೆಗೆ ರಜೆ, ತಾಯಿ ಕೆಲಸಕ್ಕೆ ಹೋಗಿದ್ದಾಳೆ. ಹಿಂದಿನಿಂದ ಗಿರಿಜಕ್ಕ ಮಣ್ಣಿಯ ತಟ್ಟೆ ಹಿಡಿದು, "ಒಂದು ಚಮಚ ತಿನ್ನು, ಇಲ್ಲದಿದ್ರೆ ಬೆನ್ನಿಗೆ ಬೀಳ್ತದೆ ನೋಡು" ಎಂದು ಬೈಯುತ್ತಾ ಬಂದರು. ಇವತ್ತು ಅವರು ನಮ್ಮ ಮನೆಯ ಕೆಲಸಕ್ಕೆ ಬರುವುದು ತಡವಾಗುತ್ತದೆ, ಅದಕ್ಕೆಂದೇ ನಮ್ಮವರು ರಿಕ್ಷಾ ಬಿಟ್ಟು ಮಕ್ಕಳ ಜೊತೆ ಕುಳಿತಿದ್ದಾರೆ.

ಹೊಸ ತಾಯಿ ಆ ಕಡೆ ನೋಡಿದಳು. ಜಾಗ್ರತೆಯ ಹೆಂಗಸು, ಬಿಡಬೇಕಲ್ಲ.

"ಅಕ್ಕಾ, ಅಲ್ಲಿಯೂ ಮಕ್ಕಳನ್ನು ನೋಡ್ತಾರಾ? ಅವರಿಗೆ ಲೈಸನ್ಸ್ ಉಂಟಾ?"

"ಅಲ್ಲಿಗೆ ಬೇಡ," ಎಂದೆ. "ಅದು ಅವರ ತಮ್ಮನ ಮಗಳು."